ಎರಡನೇ ಕಾಟಿಗೆ ಏನೂ ಆಗಲಿಲ್ಲ

ಕೈ ತನ್ನಷ್ಟಕ್ಕೆ ತಾನೇ ಅಂಗಿಯ ಜೇಬಿಗೆ ಇಳಿದು ತಪಕೀರಿನ ಡಬ್ಬಿ ಹುಡುಕಿತು. ಸಿಕ್ಕಿತು. ಮುಚ್ಚಳದ ಮೇಲೆ ಹೆಬ್ಬೆರಳು ಕೂತಾಗ ಬೀರಸಿದ್ದಪ್ಪನಿಗೆ ಎಚ್ಚರಾಯಿತು. ಯಾರಾದರೂ ನೋಡಿದರೇನೋ ಎಂದು ಆ ಕಡೆ ಈ ಕಡೆ ನೋಡಿ, ಕೈ ಹೊರಗೆ ತೆಗೆದು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಮಂಗಳವಾರ ಬೆಳಿಗ್ಗೆಯಿಂದ ಒಂದು ಚಿಟಿಕೆಯನ್ನೂ ಮೂಗಿಗೆ ಏರಿಸಿರಲಿಲ್ಲ. ಐವತ್ತು ವರ್ಷದ ಚಟ. ಎರಡು ದಿನಕ್ಕೇ ತಲೆ ಹಾಳುಬಾವಿಯ ಹಾಗೆ ಗುಂಯ್‌ಗುಡುತ್ತಿತ್ತು, ಮೂಗು ಮಾತ್ರ ಯಾರೋ ಇಟ್ಟು ಮರೆತುಹೋದ ವಸ್ತುವಿನಂತೆ ಮುಖದ ನಡುವೆ ಕೂತಿತ್ತು. ಸೊಸೆ ಸುವರ್ಣಾಳ ಹೆರಿಗೆಗೆಂದು ಕಲ್ಲೋಳಿಯಿಂದ ಗೋಕಾಕದ ಈ ದವಾಖಾನೆಗೆ ಬಂದು ಇವತ್ತಿಗೆ ಒಂಬತ್ತು ದಿನ. ಬಹಳವೆಂದರೆ ಐದನೇ ದಿನ ಮನೆ ಸೇರಬೇಕಿತ್ತು. ಹೊಟ್ಟೆ ಕೊಯ್ದು ತೆಗೆದ ಕೂಸು ಗುಂಡುಕಲ್ಲಿನಂತೆ ಗಟ್ಟಿಯಿತ್ತು; ತಾಯಿಯ ಹೊಲಿಗೆ ಕೀವು ಕಟ್ಟಿತು. ಬೆಳಿಗ್ಗೆ ಹೆಂಡತಿ ಲಗಮವ್ವ ಬಸಿದುಕೊಟ್ಟ ಚಹಾ ಕುಡಿದವನು ವಾರ್ಡಿನಲ್ಲಿ ಕೂರಲಾರದೆ ಎದ್ದು ಬಂದು, ಲ್ಯಾಬಿನ ಬಾಗಿಲ ಮುಂದಿನ ಈ ಬೆಂಚಿನ ಮೇಲೆ ಕೂತಿದ್ದ. ಇಲ್ಲಿ ತನಗೇನು ಕೆಲಸವೆಂದು ಯಾರೂ ಕೇಳಲಿಲ್ಲ. ಮುದುಕರು ಎಲ್ಲಿ ಕೂತರೂ ಯಾರೂ ಕೇಳುವುದಿಲ್ಲ.

ಬೆಂಚಿನ ಇನ್ನೊಂದು ತುದಿಗೆ ಆಮ್ರಪಾಲಿ ಬಂದು ಕೂತಳು. ಬಾಣಂತಿಯರ ವಾರ್ಡಿನ ಆಯಾ. ನೀಲಿ ಸೀರೆಯುಟ್ಟು ಕೆಲಸಕ್ಕೆ ಬಂದವಳ ಹಾಗೇ ಬಂದಿದ್ದಳು, ಆದರೆ ಮಂಗಳವಾರದಿಂದ ಅವಳಿಗೆ ವಾರ್ಡಿನೊಳಗೆ ಕಾಲಿಡಬೇಡ ಎಂದಿದ್ದರು. ಅವಳ ಮೂಗಿನೊಳಗಿಂದ ಕಡ್ಡಿಯಲ್ಲಿ ತೆಗೆದದ್ದರ ವರದಿ ಇವತ್ತು ಬರುವುದಿತ್ತು. ಅವಳೂ ಅವನೂ ಕೂತ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ. ಮೊದಲು ಕೂತವನು ತಾನು, ಅಂದಮೇಲೆ ಜಾಗ ಬಿಟ್ಟವಳು ಅವಳೇ. ಹಾಗೆ ಬಿಡಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

‘ಅಜ್ಜಾರ, ಚಾ ಆತ್ರಿ?’

‘ಹೂಂ, ಆತವ್ವ.’

ಕಳೆದ ಶುಕ್ರವಾರವೂ ಅವಳು ಹೀಗೇ ಕೇಳಿದ್ದಳು, ವಾರ್ಡಿನ ನೆಲ ಒರೆಸುತ್ತ. ನಾಲ್ಕು ಕಾಟಿನ ವಾರ್ಡು, ನಾಲ್ವರು ಬಾಣಂತಿಯರು, ನಾಲ್ವರದೂ ಹೊಟ್ಟೆ ಕೊಯ್ದ ಹೆರಿಗೆ. ಸುವರ್ಣಾ ಮೊದಲನೇ ಕಾಟಿನವಳು. ಹೊಲಿಗೆ ಜುಮುಗುಡುತ್ತದೆ ಎಂದು ಅವಳು ಅತ್ತೆಯ ಹತ್ತಿರ ಅಂದದ್ದು ಅವನ ಕಿವಿಗೂ ಬಿತ್ತು. ಅವನ ಸೊಂಟದಲ್ಲಿ ಬೀರದೇವರ ಭಂಡಾರದ ಚೀಲ ಇತ್ತು, ಯಾವತ್ತೂ ಇರುತ್ತದೆ. ಆ ಅರಿಷಿಣ ಮೈಗೆ ಹತ್ತದೆ ಅವರ ಮನೆಯಲ್ಲಿ ಯಾವ ಕುರಿಮರಿಯೂ ಯಾವ ಕೂಸೂ ಎದ್ದು ನಿಂತದ್ದಿಲ್ಲ. ಆದರೆ ಸೊಸೆಯ ಹೊಟ್ಟೆಯನ್ನು ಮಾವ ನೋಡುವುದುಂಟೆ. ಅವನು ಪರದೆಯ ಹೊರಗೆ ನಿಂತ. ಮೊದಲು ಒಂದು ಚಿಟಿಕೆ ತಪಕೀರು ಏರಿಸಿದ, ಅದಿಲ್ಲದೆ ದೇವರ ಹೆಸರು ಸರಾಗವಾಗಿ ಬರುತ್ತಿರಲಿಲ್ಲ. ಆಮೇಲೆ ಅರಳೆಯ ತುಂಡೊಂದನ್ನು ತೆಗೆದುಕೊಂಡು ಅದೇ ಹೆಬ್ಬೆರಳಿನಿಂದ ಅದಕ್ಕೆ ಭಂಡಾರ ತಿಕ್ಕಿದ, ಮೂರು ಸಲ ಹೆಸರು ಹೇಳಿ ಮೂರು ಸಲ ಊದಿದ, ಪರದೆಯ ಸಂದಿನಿಂದ ಲಗಮವ್ವನ ಕೈಗೆ ಕೊಟ್ಟ. ಅವಳು ಪಟ್ಟಿಯ ಅಂಚು ಎತ್ತಿ ಹೊಲಿಗೆಯ ಮೇಲೆ ಅದನ್ನು ಒತ್ತಿ ಮತ್ತೆ ಮುಚ್ಚಿದಳು. ಉಳಿದದ್ದನ್ನು ಹಣೆಗೆ ಹಚ್ಚಿದಳು. ‘ತಂಪ ಆತು’ ಎಂದಳು ಸುವರ್ಣಾ, ಒಳಗಿನಿಂದ. ಹೊರಗೆ ನಿಂತವನಿಗೆ ಆ ಮಾತು ಹಾಲು ಕುಡಿದಷ್ಟು ಹಿತವಾಗಿತ್ತು.

ಅದನ್ನು ನೋಡಿದ್ದ ಮೂರನೇ ಕಾಟಿನ ಕಾಶೆವ್ವ ಎದ್ದು ಬಂದಳು. ಹುಕ್ಕೇರಿ ಕಡೆಯ ಹೆಂಗಸು, ಸೊಸೆಯ ಬಾಣಂತನಕ್ಕೆ ಬಂದವಳು. ‘ಕಲ್ಲೋಳಿ ಕೈಗುಣದ ಅಜ್ಜಾ ಅಂದ್ರ ನೀವ ಏನ್ರಿ? ನಮ್ಮ ಕಡಿಗೂ ಹೆಸರು ಐತಿ ನಿಮ್ಮದು. ನಮ್ಮ ಹುಡುಗಿಗೂ ಒಂಚೂರು ಮಾಡ್ರಿ’ ಎಂದು ಕೈ ಒಡ್ಡಿದಳು. ಮಾಡಿಕೊಟ್ಟ. ನಾಲ್ಕನೇ ಕಾಟಿನವರು ಕೇಳುವ ಮೊದಲೇ ಮಾಡಿಕೊಟ್ಟ. ಎರಡನೇ ಕಾಟಿನ ಹುಡುಗಿಯ ತಾಯಿ ತಾರಾಬಾಯಿ, ಅಂಕಲಗಿಯ ಜೈನರು, ಕೈ ಮುಗಿದು ನಕ್ಕರು. ‘ನಮಗ ಬ್ಯಾಡ್ರಿ ಕಾಕಾ. ನಮ್ಮಲ್ಲಿ ಆ ರೂಢಿ ಇಲ್ಲ, ತಪ್ಪ ತಿಳಕೋಬ್ಯಾಡ್ರಿ.’ ಅವನು ತಪ್ಪು ತಿಳಿದುಕೊಂಡಿದ್ದ. ಮಾಡಿದ್ದ ಅರಳೆ ಕೈಯಲ್ಲೇ ಉಳಿಯಿತಲ್ಲ ಎಂದು ಒಂದು ಸಣ್ಣ ಅವಮಾನ ಅವತ್ತು ಸಂಜೆಯವರೆಗೂ ಹಲ್ಲಿನ ಸಂದಿನ ನಾರಿನಂತೆ ಕಾಡಿತ್ತು.

ಭಾನುವಾರ ಸುವರ್ಣಾಳಿಗೆ ಜ್ವರ. ಪಟ್ಟಿ ಬಿಚ್ಚಿದರೆ ಹೊಲಿಗೆ ಕೆಂಪಾಗಿ ಬಾತು, ಎರಡು ಗಂಟಿನ ನಡುವಿನಿಂದ ಕೀವು. ಕಡ್ಡಿಗೆ ಅರಳೆ ಸುತ್ತಿ ಆ ಕೀವು ತೆಗೆದುಕೊಂಡು ಹೋದವಳು ಲ್ಯಾಬಿನ ದೀಪಾಲಿ, ಮೂಡಲಗಿಯ ಹುಡುಗಿ, ಮಾತು ಚುರುಕು. ಅವತ್ತೇ ಕಾಶೆವ್ವನ ಸೊಸೆಗೂ ಜ್ವರ, ಮರುದಿನ ನಾಲ್ಕನೆಯವಳಿಗೆ. ಮಂಗಳವಾರ ಬೆಳಿಗ್ಗೆ ಅವನು ಹೀಗೇ ಇಲ್ಲಿ ಬಂದು ಕೂತಿದ್ದಾಗ ದೀಪಾಲಿ ಅವನ ಮುಖ ನೋಡಿ, ‘ಬರ್ರಿ ಕಾಕಾ, ನಿಮ್ಮ ಸೊಸಿ ರೋಗ ತೋರಸ್ತೇನಿ’ ಎಂದು ಒಳಗೆ ಕರೆದಿದ್ದಳು. ಅಂಗೈಯಗಲದ ಗಾಜಿನ ತಟ್ಟೆ. ಒಳಗೆ ತೆಳುವಾಗಿ ಗಂಜಿ ಹೆಪ್ಪುಗಟ್ಟಿದಂತೆ, ಅದರ ಮೇಲೆಲ್ಲ ಒಂದು ಮಂಕು ಬೆಳೆ, ಮೊದಲ ಮಳೆಗೆ ಬಯಲಿನಲ್ಲಿ ಹುಲ್ಲು ಇಣುಕುತ್ತದಲ್ಲ ಹಾಗೆ. ನಡುನಡುವೆ ಗುಂಡಿಯಷ್ಟು ಬಿಳಿ ಬಿಲ್ಲೆಗಳು.

‘ಒಂದೊಂದು ಬಿಲ್ಲಿಯಾಗ ಒಂದೊಂದು ಔಷಧ ಐತ್ರಿ. ಔಷಧಕ್ಕ ಹೆದರಿದ್ರ ಈ ಜಂತು ಬಿಲ್ಲಿ ಸುತ್ತ ಬೆಳಿಯಂಗಿಲ್ಲ. ಇಲ್ನೋಡ್ರಿ, ಇದರ ಸುತ್ತ ಬಯಲು ಬಿದ್ದೈತಿ. ಈ ಔಷಧ ನಡೀತೈತಿ. ಇದನ್ನ ನೋಡ್ರಿ, ಬಿಲ್ಲಿಗೆ ಹತ್ತಿ ಬೆಳದೈತಿ. ಮತ್ತ ಇದೂ ಹಂಗ. ನಾವು ದಿನಾ ಕೊಡೂ ಔಷಧ ಒಂದೂ ನಡಿಯಂಗಿಲ್ಲ.’

ಅವನಿಗೆ ಅರ್ಥವಾಯಿತು, ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ. ಗೂಟಕ್ಕೆ ಕಟ್ಟಿದ ಆಡು ಹಗ್ಗ ಎಷ್ಟುದ್ದವೋ ಅಷ್ಟು ಮೇಯುತ್ತದೆ. ಸಂಜೆ ನೋಡಿದರೆ ಗೂಟದ ಸುತ್ತ ದುಂಡಗೆ ಬೋಳು ನೆಲ. ಇಲ್ಲಿ ಏಳೆಂಟು ಗೂಟ ಹುಗಿದಿದ್ದರು. ಎರಡರ ಸುತ್ತ ಮಾತ್ರ ಬೋಳು ಬಿದ್ದಿತ್ತು. ಉಳಿದವು ಆಡೇ ಇಲ್ಲದ ಗೂಟಗಳು, ಬುಡದ ತನಕ ಹುಲ್ಲು. ‘ಇದು ಎಲ್ಲಿಂದ ಬರತೈತವ್ವ?’ ಎಂದು ಕೇಳಿದ್ದ, ಸುಮ್ಮನೆ, ಮಾತಿಗೆ. ‘ಮಂದಿ ಮೂಗಿನಾಗ ಇರತೈತ್ರಿ. ಇದ್ದವರಿಗೆ ಏನೂ ಆಗಂಗಿಲ್ಲ, ಗೊತ್ತೂ ಆಗಂಗಿಲ್ಲ. ಮೂಗು ಮುಟ್ಟಿ ಗಾಯ ಮುಟ್ಟಿದ್ರ ಆತು’ ಎಂದು ತಟ್ಟೆ ಮುಚ್ಚಿದಳು. ಆಗ ಅವನ ಕೈಯಲ್ಲಿ ತಪಕೀರಿನ ಚಿಟಿಕೆ ಇತ್ತು. ಏರಿಸಲೂ ಆಗದೆ ಚೆಲ್ಲಲೂ ಆಗದೆ ಅದನ್ನು ಹಿಡಿದುಕೊಂಡೇ ಹೊರಗೆ ಬಂದು, ಕಿಟಕಿಯ ಸಂದಿನಲ್ಲಿ ಉದುರಿಸಿ, ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಒಂದು, ಮೂರು, ನಾಲ್ಕು. ಎರಡನೆಯದಕ್ಕೆ ಏನೂ ಆಗಿಲ್ಲ. ಓದು ಬಾರದವನಿಗೂ ಇಷ್ಟು ಲೆಕ್ಕ ಬರುತ್ತದೆ. ಹಿಂಡಿನಲ್ಲಿ ಯಾವ ಕುರಿ ಯಾವುದರ ಬಾಜೂ ಮಲಗಿತ್ತು ಎಂಬುದನ್ನು ವಾರದ ಮೇಲೂ ಹೇಳಬಲ್ಲವನು ಅವನು.

ಆದರೂ ಅವನು ಅವತ್ತು ತನ್ನೊಳಗೇ ವಾದಿಸಿದ. ನಾನು ಯಾರ ಗಾಯವನ್ನೂ ಮುಟ್ಟಿಲ್ಲ. ಪರದೆಯ ಹೊರಗೆ ನಿಂತಿದ್ದೆ. ಅರಳೆ ಮುಟ್ಟಿದೆ, ಅಷ್ಟೇ.

ಮಧ್ಯಾಹ್ನ ಡಾಕ್ಟರ್ ಬಾಯಿಯವರು ವಾರ್ಡಿಗೆ ಬಂದು ಎಲ್ಲರನ್ನೂ ಕೂಡಿಸಿ ಹೇಳಿದರು, ಮೂವರಿಗೂ ಒಂದೇ ನಮೂನೆಯ ಜಂತು, ಅಂದರೆ ಒಂದೇ ಕಡೆಯಿಂದ ಬಂದದ್ದು, ಯಾರದೋ ಕೈಯಿಂದ ಬಂದದ್ದು. ಇನ್ನು ಮೇಲೆ ಬೇರೆ ಔಷಧವನ್ನು ನರಕ್ಕೆ ಹಾಕುತ್ತೇವೆ, ಮತ್ತು ಇಲ್ಲಿ ಕೆಲಸ ಮಾಡುವ ಎಲ್ಲರ ಮೂಗನ್ನೂ ಪರೀಕ್ಷೆ ಮಾಡುತ್ತೇವೆ. ಬಾಯಿಯವರು ಅತ್ತ ಹೋದದ್ದೇ ತಡ, ಮಗ ಮಾಲಿಂಗ ಎದ್ದು ನಿಂತ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗ, ದನಿ ದೊಡ್ಡದು. ‘ಯಾರ ಕೈ ಅಂತ ಹುಡುಕೂದೇನೈತಿ? ಎಲ್ಲಾರ ಮೈ ಮುಟ್ಟಾಕಿ ಇಕಿ ಒಬ್ಬಾಕಿ. ಕಕ್ಕಸ ತೊಳದ ಕೈಲೆ ಬಾಣಂತ್ಯಾರ ಪಟ್ಟಿ ತೆಗೀತಾಳ. ಎಂಥಾವರನ್ನ ತಂದು ಎಲ್ಲಿ ಬಿಟ್ಟಾರ ನೋಡ್ರಿ!’ ಎಂಥಾವರನ್ನ ಎಂಬ ಮಾತು ವಾರ್ಡಿನ ನಡುವೆ ಬಿದ್ದಿತು. ಅದರ ಅರ್ಥ ಏನೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕಾಶೆವ್ವ ‘ನಾ ಮೊದಲ ದಿನಾನ ಅಂದಿದ್ದೆ’ ಎಂದಳು, ಮೊದಲ ದಿನ ಅವಳು ಏನೂ ಅಂದಿರಲಿಲ್ಲ. ಆಮ್ರಪಾಲಿ ಬಕೆಟ್ಟು ಹಿಡಿದುಕೊಂಡು ನಿಂತಿದ್ದಳು. ಅವಳು ಮಾಲಿಂಗನನ್ನು ನೋಡಲಿಲ್ಲ, ಕಾಶೆವ್ವನನ್ನು ನೋಡಲಿಲ್ಲ, ಸುಮ್ಮನೆ ನಿಂತಿದ್ದ ಬೀರಸಿದ್ದಪ್ಪನ ಕಡೆ ತಿರುಗಿದಳು. ಇದ್ದವರಲ್ಲಿ ಹಿರಿಯ ಎಂದು ನೋಡಿದಳೇನೋ ಎಂದುಕೊಂಡ. ತಲೆ ತಗ್ಗಿಸಿ ತನ್ನ ಕಾಲ ಬೆರಳು ನೋಡಿಕೊಂಡ. ಉಗುರು ಬೆಳೆದಿದ್ದವು. ಆ ಹೊತ್ತಿನಲ್ಲಿ ಉಗುರು ಬೆಳೆದದ್ದು ಕಂಡಿತಲ್ಲ ಎಂಬುದನ್ನು ಅವನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡ.

ಅವತ್ತು ಸಂಜೆ ನಳದ ಹತ್ತಿರ ಲಗಮವ್ವನಿಗೆ ಬಾಯಿ ಬಿಟ್ಟಿದ್ದ. ಅವಳು ಪಾತ್ರೆ ತೊಳೆಯುತ್ತಿದ್ದವಳು ಮೇಲೆ ನೋಡದೆ, ‘ಸುಮ್ಮನಿರು’ ಎಂದಳು. ‘ಒತ್ತಿದಾಕಿ ನಾನು. ಹೇಳಿದ್ರ ಇಬ್ಬರ ಹೆಸರೂ ಹೋಗತೈತಿ. ಮಗ ನಿನ್ನ ಮಾರಿ ನೋಡ್ಯಾನ? ಆಕಿಗೇನು, ಇಲ್ಲಿ ಬಿಟ್ರ ಇನ್ನೊಂದು ದವಾಖಾನಿ.’ ಅವಳಿಗೂ ಗೊತ್ತಿತ್ತು ಅಂದರೆ. ಅವಳೂ ಒಂದು, ಮೂರು, ನಾಲ್ಕು ಎಂದು ಎಣಿಸಿದ್ದಳು. ನಲವತ್ತೈದು ವರ್ಷ ಒಂದೇ ಹಿಂಡು ಕಾದವರು.

ಹಿಂಡು ಎಂದರೆ ಜೊತೆಯ ಕುರಿಗಾರ ಸಿದ್ರಾಯ ನೆನಪಿಗೆ ಬರುತ್ತಾನೆ, ತಡೆದರೂ ನಿಲ್ಲುವುದಿಲ್ಲ. ಮಾಲಿಂಗ ತೊಟ್ಟಿಲಲ್ಲಿದ್ದ ವರ್ಷ, ಹುಕ್ಕೇರಿ ಹಾದಿಯ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ಇಬ್ಬರ ಕುರಿಯನ್ನೂ ಒಟ್ಟಿಗೆ ನಿಲ್ಲಿಸಿದ್ದರು. ಅದಕ್ಕೆ ತಿಂಗಳ ಮೊದಲು ಇವನ ಕುರಿಗಳಿಗೆ ಸಿಡುಬು ಆಡಿ ಹೋಗಿತ್ತು, ಸಾಯುವವು ಸತ್ತು ಉಳಿಯುವವು ಉಳಿದಿದ್ದವು, ಒಂದು ಹೆಣ್ಣುಕುರಿಯ ಕೆಚ್ಚಲ ಮೇಲೆ ಹಕ್ಕಳೆ ಇನ್ನೂ ಹಸಿಯಿತ್ತು. ಹೇಳಿದರೆ ಹೊಲದ ಗೌಡ ಎಬ್ಬಿಸಿ ಕಳಿಸುತ್ತಾನೆ. ಆ ಕುರಿಯನ್ನು ಹಿಂಡಿನ ನಡುವಿಗೆ ದಬ್ಬಿ ಇವನು ಸುಮ್ಮನಾದ. ಹತ್ತು ದಿನಕ್ಕೆ ಸಿದ್ರಾಯನ ಮರಿಗಳು ಒಂದೊಂದಾಗಿ ಕಾಲು ಚಾಚಿದವು. ಸಿದ್ರಾಯ ಓಡಿ ಬಂದು, ‘ಅಣ್ಣಾ, ನಿನ್ನ ಕುರಿಗೆ ಒಂದಕ್ಕೂ ಏನೂ ಆಗಿಲ್ಲ, ನಿನ್ನ ಕೈಯಾಗ ಏನೋ ಐತಿ, ನನ್ನವಕ್ಕೂ ಭಂಡಾರ ಹಚ್ಚು’ ಎಂದು ಅತ್ತ. ಹಚ್ಚಿದ. ಉಳಿಯಬೇಕಾದ ಕುರಿಗಳು ಉಳಿದವು, ಸಿದ್ರಾಯ ಊರೂರು ಹೇಳಿದ. ಕೈಗುಣದ ಹೆಸರು ಅಲ್ಲಿಂದ ಸುರುವಾಯಿತು. ಸಿದ್ರಾಯ ಸಾಯುವಾಗಲೂ ಇವನ ಕೈ ಹಿಡಿದುಕೊಂಡಿದ್ದ. ಮೊಮ್ಮಕ್ಕಳನ್ನು ಕರೆದು ಈ ಕೈಗೆ ನಮಸ್ಕಾರ ಮಾಡಿ ಎಂದಿದ್ದ, ಅವು ಬಗ್ಗಿ ಮಾಡಿದ್ದವು, ಇವನು ಆಶೀರ್ವಾದವನ್ನೂ ಮಾಡಿದ್ದ.

‘ಅಜ್ಜಾರ, ಒಂದು ಮಾತು ಕೇಳಲೇನ್ರಿ?’

ಆಮ್ರಪಾಲಿ ಅವನ ಕಡೆ ತಿರುಗಿರಲಿಲ್ಲ. ಎದುರಿನ ಗೋಡೆಗೆ ಹೇಳುವವಳ ಹಾಗೆ ಕೇಳಿದಳು.

‘ಕೇಳವ್ವ.’

‘ಅರಿಷಿಣದ ಕಲಿ ಬಿಳಿ ಬಟ್ಟಿಗೆ ಬಿದ್ರ ಹೆಂಗ ತೆಗೀಬೇಕ್ರಿ? ನಿಮ್ಮ ಮಂದಿಗೆ ಗೊತ್ತಿರತೈತಿ. ಸಬಕಾರ ಹಾಕಿದ್ರ ಇನ್ನೂ ಕೆಂಪ ಆಗತೈತಿ.’

ಅವನು ತೊಡೆಯ ಕೆಳಗಿನ ಕೈಯನ್ನು ಇನ್ನಷ್ಟು ಒತ್ತಿಕೊಂಡ.

‘ಶನಿವಾರ ಕಾಟಿನ ಬಟ್ಟಿ ಎತ್ತಿದ್ನಿ. ಮೂರಕ್ಕ ಆಗಿತ್ರಿ. ಎರಡನೇದು ಹಾಲಿನಂಗ ಬೆಳ್ಳಗಿತ್ತು.’

‘ನಿನಗ ಗೊತ್ತಿತ್ತೇನು?’ ಎಂದು ಅವಳ ಕಡೆ ತಿರುಗಿದ.

‘ಹೊಲಸು ಎತ್ತಾಕಿಗೆ ಎಲ್ಲಾರ ಮನಿ ಸುದ್ದಿ ಗೊತ್ತಿರತೈತ್ರಿ.’

‘ಮತ್ತ ಮಂಗಳವಾರ ಯಾಕ ಹೇಳಲಿಲ್ಲ? ಅಷ್ಟ ಮಂದಿಯಾಗ ಅನ್ನಿಸಿಕೊಂಡಿ.’

ಅವಳು ನಕ್ಕಳು. ಆ ನಗುವಿನಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ‘ನಾನು ಹೇಳೂದೇನ್ರಿ? ಭಂಡಾರದಿಂದ ಬಂತು ಅಂತ ನಾನು ಅಂದಿದ್ರ, ದೇವರಿಗೆ ಹೆಸರಿಟ್ಳು ಅಂತ ನಿಮ್ಮ ಮಗಾ ನನ್ನ ಮನಿತನಕಾ ಬರ್ತಿದ್ದ. ನಿಮ್ಮ ಬಾಯಾಗ ಬಂದ್ರ ಅದು ಮಾತು, ನಮ್ಮ ಬಾಯಾಗ ಬಂದ್ರ ಅದು ಜಗಳ. ನೀವ ಹೇಳ್ತೀರಿ ಅಂತ ತಿಳದಿದ್ನಿ. ಅದಕ್ಕ ನಿಮ್ಮ ಮಾರಿ ನೋಡಿದ್ನಿ.’ ಮತ್ತೆ ಗೋಡೆಯ ಕಡೆ ತಿರುಗಿ, ‘ನೀವು ಕಾಲು ನೋಡ್ಕೊಂತ ನಿಂತ್ರಿ’ ಎಂದಳು.

ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದರು. ಇಬ್ಬರೂ ಕಾಲು ಹಿಂದಕ್ಕೆ ಎಳೆದುಕೊಂಡು ಮತ್ತೆ ಚಾಚಿದರು.

‘ವರದಿ ಕೆಟ್ಟ ಬಂದ್ರ ನಾಳಿಯಿಂದ ಬರಬ್ಯಾಡ ಅಂದಾರ. ಚಲೋ ಬಂದ್ರ ಬಾ ಅಂದಾರ. ಆದ್ರ ವಾರ್ಡಿನ ಮಂದಿ ಇಕಿ ಕೈ ಹತ್ತಬಾರದು ಅಂದ್ರ ಯಾವ ವರದಿ ಏನ ಮಾಡತೈತ್ರಿ? ಹನ್ನೊಂದು ವರ್ಷ ಆತು ಇಲ್ಲಿ. ನಾ ಎತ್ಕೊಂಡ ಕೂಸುಗೋಳು ಈಗ ಸಾಲಿಗೆ ಹೊಂಟಾವು.’

ಅವನಿಗೆ ಏನಾದರೂ ಹೇಳಬೇಕೆನಿಸಿತು. ಕಳೆದ ವರ್ಷ ತನ್ನ ತೊಡೆಯ ಮೇಲೆ ಕುರುಗಳು ಎದ್ದದ್ದು, ಕುರಿಗೆಂದು ತಂದು ಉಳಿದಿದ್ದ ದೊಡ್ಡ ಗುಳಿಗೆಯನ್ನು ಅರ್ಧ ಮುರಿದು ನುಂಗಿದ್ದು, ಎರಡು ದಿನಕ್ಕೆ ಕುರು ಬತ್ತಿದಂತೆ ಕಂಡು ಉಳಿದರ್ಧವನ್ನು ಇನ್ನೊಮ್ಮೆಗೆಂದು ಗೋಡೆಯ ಮಾಡದಲ್ಲಿ ಇಟ್ಟದ್ದು, ಮತ್ತೆ ಎದ್ದಾಗ ಆ ಅರ್ಧ. ಹೀಗೆ ಎಷ್ಟು ಸಲ. ಅಂದರೆ ತಾನೇ ಇಷ್ಟಿಷ್ಟು ಔಷಧ ತೋರಿಸಿ ಆ ಜಂತುವನ್ನು ಹೆದರದ ಹಾಗೆ ಪಳಗಿಸಿದೆನೇನೋ, ಕೋಲು ಎತ್ತಿ ಹೊಡೆಯದೆ ಬಿಟ್ಟರೆ ನಾಯಿ ಕೋಲಿಗೆ ಹೆದರುವುದನ್ನೇ ಬಿಡುತ್ತದಲ್ಲ, ಹಾಗೆ. ಆದರೆ ಇದೆಲ್ಲ ಇವಳಿಗೆ ಯಾಕೆ.

ಬಾಗಿಲು ತೆರೆದು ದೀಪಾಲಿ ತಲೆ ಹೊರಗೆ ಹಾಕಿದಳು. ‘ಆಮ್ರಪಾಲಿ ಅಕ್ಕಾ, ನಿಮ್ಮ ಮೂಗು ಸ್ವಚ್ಛ ಐತ್ರಿ. ಸಿಸ್ಟರಗೋಳದ್ದೂ ಸ್ವಚ್ಛ, ಡಾಕ್ಟರದ್ದೂ ಸ್ವಚ್ಛ.’ ಹುಬ್ಬು ಗಂಟಿಕ್ಕಿದ್ದಳು, ಖುಷಿಯ ಸುದ್ದಿ ಹೇಳುವವಳ ಮುಖವಲ್ಲ. ‘ಖರೆ ಅಂದ್ರ ತಲಿ ಕೆಟ್ಟೈತಿ. ಯಾರ ಹತ್ರಾನೂ ಇಲ್ಲ. ಎರಡನೇ ಕಾಟಿಗೆ ಯಾಕ ಆಗಲಿಲ್ಲ ಅಂತ ಬಾಯಾರು ಮುಂಜಾನಿಯಿಂದ ಕೇಳಾಕತ್ತಾರ.’

ಆಮ್ರಪಾಲಿ ಈ ಸಲ ಅವನ ಮುಖ ನೋಡಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಕೂತಳು.

ಈಗ ಸುಮ್ಮನಿದ್ದರೆ ಮುಗಿಯಿತು. ಸುವರ್ಣಾಳ ಜ್ವರ ಇಳಿದಿದೆ, ಹೊಸ ಔಷಧ ಹತ್ತಿದೆ. ಇವಳ ವರದಿಯೂ ಚಲೋ ಬಂತು. ಯಾರ ಹತ್ತಿರವೂ ಸಿಗಲಿಲ್ಲವೆಂದರೆ ಗಾಳಿಯಿಂದ ಬಂತೆನ್ನುತ್ತಾರೆ. ಎಲ್ಲವೂ ತಾನಾಗಿಯೇ ಸರಿಹೋಗುತ್ತಿದೆ. ಸಿದ್ರಾಯನ ಉಳಿದ ಕುರಿಗಳು ಎದ್ದು ನಿಂತ ಮುಂಜಾವು ಹೀಗೇ ಇತ್ತು. ಅವತ್ತೂ ಎದೆ ಹೀಗೇ ಹಗುರಾಗಿತ್ತು. ಆ ಹಗುರವನ್ನು ಮೂವತ್ತು ವರ್ಷ ಹೊತ್ತಿದ್ದಾನೆ.

‘ನನ್ನ ಮೂಗು ನೋಡವ್ವಾ’ ಎಂದು ಎದ್ದ.

‘ನಿಮ್ಮದ್ಯಾಕ್ರಿ ಕಾಕಾ?’ ದೀಪಾಲಿ ನಕ್ಕಳು. ಅವನು ನಗಲಿಲ್ಲ. ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು ತಪಕೀರಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ, ಭಂಡಾರದ ಚೀಲವನ್ನು ಅದರ ಬಾಜೂ ಇಟ್ಟ, ಆಮೇಲೆ ಕೈಯನ್ನೂ ಅದೇ ಮೇಜಿನ ಮೇಲೆ, ಮೂರನೆಯ ಸಾಮಾನಿನಂತೆ ಇಟ್ಟ. ಹೇಳಿದ. ಅರಳೆ, ಹೆಬ್ಬೆರಳು, ಊದಿದ್ದು. ಒಂದು, ಮೂರು, ನಾಲ್ಕು. ಮಾಡದಲ್ಲಿಟ್ಟ ಅರ್ಧ ಗುಳಿಗೆಯನ್ನೂ ಹೇಳಿದ. ದೀಪಾಲಿ ನಡುವೆ ‘ಅಯ್ಯೋ ಕಾಕಾ’ ಎಂದಳು, ಒಂದೇ ಸಲ, ಆಮೇಲೆ ಕಡ್ಡಿ ತೆಗೆದಳು. ತಣ್ಣಗಿನ ಕಡ್ಡಿ ಮೂಗಿನೊಳಗೆ ತಿರುಗುವಾಗ ಕಣ್ಣಲ್ಲಿ ನೀರು ಬಂತು. ಅಳುವಲ್ಲ ಅದು, ಕಡ್ಡಿಗೆ ಬಂದದ್ದು, ಆದರೆ ಹುಡುಗಿ ಮುಖ ಬೇರೆ ಕಡೆ ತಿರುಗಿಸಿದಳು.

ಡಾಕ್ಟರ್ ಬಾಯಿಯವರನ್ನು ಕರೆದರು. ಬೈಯುತ್ತಾರೆಂದು ಎದ್ದು ನಿಂತ. ಅವರು ಕೂಡ್ರಿಸಿ, ಅವನಿಗಿಂತ ಮೆಲ್ಲಗೆ ಮಾತಾಡಿದರು. ‘ಶನಿವಾರ ತಿಳೀತೈತಿ. ಅಲ್ಲೀತನಕಾ ಯಾರದೂ ತಪ್ಪು ಅನ್ನೂ ಹಂಗಿಲ್ಲ. ಭಂಡಾರದ್ದ ಏನೂ ತಪ್ಪಿಲ್ರಿ ಅಜ್ಜಾರ, ಕೈಯದು ಅಷ್ಟ. ಮೂಗಿಗೆ ಮುಲಾಮು ಕೊಡ್ತೇವಿ, ಐದು ದಿನ. ವಾರ್ಡಿನೊಳಗ ಹೋಗಬ್ಯಾಡ್ರಿ, ಬಾಗಿಲದಾಗಿಂದ ಮಾತಾಡ್ರಿ. ನಿಮಗೇನ ಗೊತ್ತಿತ್ತು? ಮನಿ ಮಂದಿಗೆ ಹೇಳೂದೂ ಬ್ಯಾಡ, ಸುಮ್ಮ ಗದ್ದಲ ಆಗತೈತಿ. ನಾವು ನೋಡ್ಕೋತೇವಿ.’ ಅವರ ದನಿಯ ಮೆತ್ತನೆಯಲ್ಲಿ ಅವನು ಒಂದು ಗಳಿಗೆ ಒರಗಿಕೊಂಡ. ಹೇಳಿದ್ದಾಯಿತು. ಹೇಳಬೇಕಾದವರಿಗೆ ಹೇಳಿದ್ದಾಯಿತು, ದೊಡ್ಡವರೇ ಸುಮ್ಮನಿರಿ ಎಂದರು.

ನಳದ ಕೆಳಗೆ ಸಾಬೂನು ಹಚ್ಚಿ, ದೀಪಾಲಿ ತೋರಿಸಿದ ಹಾಗೆ ಬೆರಳ ಸಂದಿಗೆಲ್ಲ ತಿಕ್ಕಿ ತೊಳೆದುಕೊಂಡು ಹೊರಗೆ ಬಂದಾಗ ಆಮ್ರಪಾಲಿ ಇನ್ನೂ ಅಲ್ಲೇ ಇದ್ದಳು, ಹೊರಡಲು ಎದ್ದಿದ್ದಳು. ಅವನು ಅವಳ ಮುಂದೆ ನಿಂತ. ಮುಖದಲ್ಲಿ ಏನೋ ಒಂದು ನಿರೀಕ್ಷೆ ಇದ್ದಿರಬೇಕು, ಪರೀಕ್ಷೆ ಪಾಸಾಗಿ ಬಂದ ಹುಡುಗರ ಮುಖದಲ್ಲಿ ಇರುವಂಥದ್ದು.

‘ಹೇಳಿದೆವ್ವ.’

‘ಯಾರಿಗ್ರಿ?’

‘ಬಾಯಾರಿಗೆ. ಎಲ್ಲಾ ಹೇಳಿದೆ.’

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ಬಾಯಾರು ನನಗ ಏನೂ ಅಂದಿರಲಿಲ್ರಿ ಅಜ್ಜಾರ’ ಎಂದು ಹೇಳಿ, ಮೂಲೆಯಲ್ಲಿದ್ದ ಬಕೆಟ್ಟು ಎತ್ತಿಕೊಂಡು ನೀರು ಹಿಡಿಯಲು ಹೋದಳು.

ಅಷ್ಟೇ. ಅವನು ನಿಂತೇ ಇದ್ದ. ಬಕೆಟ್ಟಿಗೆ ನೀರು ಬೀಳುವ ಸದ್ದು ಮೊದಲು ತೆಳ್ಳಗೆ, ಆಮೇಲೆ ದಪ್ಪ. ಆ ಸದ್ದು ನಿಲ್ಲುವ ಮೊದಲು ತಾನು ಇಲ್ಲಿಂದ ಹೋಗಬೇಕು ಎನಿಸಿತು. ಹೊರಗೆ ಬಸ್ ಸ್ಟ್ಯಾಂಡಿನ ಕಡೆ ಹೋಗಬಹುದಿತ್ತು. ಮೂಡಲಗಿ ಬಸ್ ಹಿಡಿದರೆ ಕಲ್ಲೋಳಿಯಲ್ಲಿ ಇಳಿಯಬಹುದು, ಕುರಿ ನೋಡಬೇಕಿತ್ತು ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಆದರೆ ಕಾಲು ವಾರ್ಡಿನ ಕಡೆಗೇ ನಡೆದವು, ಅವು ಧೈರ್ಯದಿಂದ ನಡೆದವು ಎಂದು ಯಾರೂ ಅನ್ನುವಂತಿರಲಿಲ್ಲ. ಗೋಡೆಯ ಅಂಚಿಗೇ ನಡೆದವು.

ಬಾಗಿಲಲ್ಲಿ ನಿಂತ. ಒಳಗೆ ನಾಲ್ಕು ಕಾಟು, ಕಿಟಕಿಯ ಬಿಸಿಲು. ಮಾಲಿಂಗ ಹೆಂಡತಿಯ ಕಾಲ ಹತ್ತಿರ ಕೂತು ಚಿಕ್ಕು ಸುಲಿಯುತ್ತಿದ್ದ. ಲಗಮವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಸುವರ್ಣಾ ದಿಂಬಿಗೆ ಒರಗಿ ಕೂತಿದ್ದಳು, ಹಣೆಯ ಮೇಲೆ ಭಂಡಾರ. ದಿನವೂ ಬೆಳಿಗ್ಗೆ ಲಗಮವ್ವ ಮನೆಯಿಂದ ತಂದ ಪೊಟ್ಟಣದಿಂದ ಅವಳಿಗೂ ಕಾಶೆವ್ವನ ಸೊಸೆಗೂ ನಾಲ್ಕನೆಯವಳಿಗೂ ಹಚ್ಚುತ್ತಿದ್ದಳು, ಅಜ್ಜನ ಭಂಡಾರವೆಂದು ಅವರೇ ಕೇಳಿ ಹಚ್ಚಿಸಿಕೊಳ್ಳುತ್ತಿದ್ದರು. ಮೂರು ಹಣೆಯ ಮೇಲೆ ಮೂರು ಹಳದಿ.

‘ಬಾ ಅಪ್ಪಾ, ಯಾಕ ಅಲ್ಲೆ ನಿಂತಿ? ಇನ್ನೆರಡು ದಿನಕ್ಕ ಮನಿಗೆ ಬಿಡ್ತಾರಂತ. ನಿನ್ನ ಕೈ ನೋಡು, ಆ ಔಷಧಕ್ಕಿಂತ ಮೊದಲ ಮುಟ್ಟತೈತಿ’ ಎಂದ ಮಾಲಿಂಗ, ನಗುತ್ತ.

‘ಹೂಂ ಮತ್ತ, ಅಜ್ಜಾರ ಪುಣ್ಯೇದಿಂದ ನಮ್ಮ ಹುಡುಗೀನೂ ಉಳೀತು’ ಎಂದಳು ಕಾಶೆವ್ವ.

ಹಿಂದೆ ಬಕೆಟ್ಟಿನ ಸದ್ದು ಬಂತು. ಆಮ್ರಪಾಲಿ ಅವನ ಬಾಜೂ ಹಾದು, ಮೈ ತಾಗದಂತೆ ಓರೆಯಾಗಿ ಸರಿದು ಒಳಗೆ ಹೋದಳು. ಮಾಲಿಂಗನ ಕೈಯಲ್ಲಿದ್ದ ಚಾಕು ನಿಂತಿತು. ‘ಮತ್ತ ಬಂದಳೇನು? ಯಾರು ಬಿಟ್ರು ಇಕೀನ ಒಳಗ?’

‘ಮಾಲಿಂಗಾ’ ಎಂದ ಬೀರಸಿದ್ದಪ್ಪ.

ಲಗಮವ್ವ ತಲೆ ಎತ್ತಿದಳು. ಅವಳ ಕಣ್ಣು ಬೇಡ ಎಂದಿತು, ಅವನು ಅದನ್ನು ಕಂಡ.

‘ಆಕಿದಲ್ಲ. ಆಕಿ ಮೂಗು ಸ್ವಚ್ಛ ಐತಿ, ವರದಿ ಬಂದೈತಿ. ನಂದು ಅದು. ತಪಕೀರು ಏರಿಸಿದ ಕೈಲೆ ಅರಳಿಗೆ ಭಂಡಾರ ತಿಕ್ಕಿ ಕೊಟ್ಟೆ. ನಿಮ್ಮವ್ವಗ ಕೊಟ್ಟವನೂ ನಾನ, ಕಾಶೆವ್ವಗ ಕೊಟ್ಟವನೂ ನಾನ. ತಾರಾಬಾಯಾರು ಒಲ್ಲೆ ಅಂದ್ರು, ಅವರ ಮಗಳಿಗೆ ಏನೂ ಆಗಲಿಲ್ಲ. ಮಂಗಳವಾರ ನೀ ಆಕಿಗೆ ಅನ್ನೂವಾಗ ನನಗ ಗೊತ್ತಿತ್ತು.’ ಮಗನ ಮುಖ ನೋಡಿದ. ‘ಗೊತ್ತಿದ್ದೂ ನಿಂತಿದ್ದೆ’ ಎಂದ.

ಕೂಗುತ್ತಾರೆಂದು ಅವನು ಕಾದ. ಮಾಲಿಂಗ ಅರ್ಧ ಸುಲಿದ ಚಿಕ್ಕುವನ್ನು ನೋಡುತ್ತ ಕೂತ, ಅಪ್ಪನ ಕಡೆ ತಿರುಗಲಿಲ್ಲ, ಆಮ್ರಪಾಲಿಯ ಕಡೆಯೂ. ತಾರಾಬಾಯಿ ಮಗಳ ಹೊದಿಕೆಯನ್ನು ಸುಮ್ಮನೆ ಎಳೆದು ಸರಿಮಾಡಿದರು. ನೆಲ ಒರೆಸುವ ಬಟ್ಟೆ ನೀರಿಗೆ ಬಿದ್ದು, ಹಿಂಡಿಕೊಂಡು, ಮೂಲೆಯಿಂದ ಸುರುವಾಯಿತು.

ಕಾಶೆವ್ವ ಎದ್ದಳು. ಸೆರಗಿನ ತುದಿಯನ್ನು ಬಾಯಲ್ಲಿಟ್ಟು ಹಸಿ ಮಾಡಿಕೊಂಡು, ಸೊಸೆಯ ಗದ್ದ ಹಿಡಿದು ಅವಳ ಹಣೆಯನ್ನು ಒರೆಸತೊಡಗಿದಳು. ಒಂದು ಸಲಕ್ಕೆ ಹೋಗಲಿಲ್ಲ. ಮತ್ತೆ ಹಸಿ ಮಾಡಿ ತಿಕ್ಕಿದಳು, ಚರ್ಮ ಕೆಂಪಾಗುವವರೆಗೂ ತಿಕ್ಕಿದಳು. ನಾಲ್ಕನೇ ಕಾಟಿನವಳು ತಾನೇ ಅಂಗೈಯಿಂದ ಒರೆಸಿಕೊಂಡು ಅಂಗೈ ನೋಡಿಕೊಂಡಳು. ಸುವರ್ಣಾಳ ಕೈಯೂ ಹಣೆಯ ತನಕ ಹೋಯಿತು. ಹೋದದ್ದು ಅಲ್ಲೇ ನಿಂತಿತು, ಬಾಗಿಲಲ್ಲಿ ಮಾವ ನೋಡುತ್ತಿದ್ದಾನೆಂದು. ಅವಳ ಬೆರಳು ಹಣೆಗೆ ತಾಗದೆ, ಕೆಳಗೂ ಇಳಿಯದೆ ಗಾಳಿಯಲ್ಲೇ ಉಳಿಯಿತು.

‘ಒರಸ್ಕೊ ಯವ್ವಾ’ ಎಂದ ಬೀರಸಿದ್ದಪ್ಪ. ಅವಳಿಗೆ ಸಲೀಸಾಗಲೆಂದು ಬೆನ್ನು ತಿರುಗಿಸಿ ನಿಂತ.